ಸಂಗೀತಶಾಸ್ತ್ರದ ಪದಗಳಲ್ಲಿ ಶ್ಲೇಷೆ: ಎರಡೂ ಕಡೆ ನಿಜವಾಗುವ ಮಾತುಗಳನ್ನು ಇಲ್ಲಿ ಕೂಡಿಸೋಣ

ಆರೋಹಿ:

ಸಂಗೀತದ ಪಾರಿಭಾಷಿಕ ಪದಗಳು ನಮ್ಮ ದಿನದ ಮಾತಿನೊಳಗೆ ಎಷ್ಟು ಹೊಕ್ಕಿವೆಯೆಂದರೆ, ಅವು ಸಂಗೀತದಿಂದ ಬಂದವು ಎಂಬುದೇ ನಮಗೆ ಮರೆತುಹೋಗಿದೆ. ಸಭೆಯಲ್ಲಿ ಒಬ್ಬರು ಅಪಸ್ವರ ಎತ್ತುತ್ತಾರೆ, ಶಾಲೆಗೆ ಹೊರಡುವ ಹುಡುಗ ರಾಗ ಎಳೆಯುತ್ತಾನೆ, ಯಾರದೋ ತಾಳಕ್ಕೆ ಯಾರೋ ಕುಣಿಯುತ್ತಾರೆ. ಇವೆಲ್ಲ ಒಂದು ಕಾಲಕ್ಕೆ ಚಮತ್ಕಾರದ ಮಾತುಗಳಾಗಿದ್ದಿರಬಹುದು. ಈಗ ಅವು ಸವೆದ ನುಡಿಗಟ್ಟುಗಳು. ಕೇಳಿ ಯಾರೂ ನಗುವುದಿಲ್ಲ, ಯಾರೂ ಬೆರಗಾಗುವುದಿಲ್ಲ.

ನಾನು ಹುಡುಕುತ್ತಿರುವುದು ಬೇರೆ ಬಗೆಯ ಮಾತುಗಳನ್ನು. ಪದವನ್ನು ಸಂಗೀತದ ಅರ್ಥದಲ್ಲಿ ಹಿಡಿದರೂ ವಾಕ್ಯ ನಿಜವಾಗಬೇಕು, ಲೋಕದ ಅರ್ಥದಲ್ಲಿ ಹಿಡಿದರೂ ನಿಜವಾಗಬೇಕು. ಒಂದು ಕಡೆ ಮಾತ್ರ ನಿಂತು ಇನ್ನೊಂದು ಕಡೆ ಜಾರುವ ಮಾತು ನನಗೆ ಅರ್ಧ ಶ್ಲೇಷೆಯಾಗಿಯೇ ಕಾಣುತ್ತದೆ.

ನನ್ನ ಉದಾಹರಣೆಯೊಂದನ್ನು ಮೊದಲು ಇಡುತ್ತೇನೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳನ್ನು, ಅಂದರೆ ಏಳೂ ಸ್ವರಗಳಿರುವ ಮೂಲರಾಗಗಳಾದ ಮೇಳಗಳನ್ನು, ವಿವರಿಸುವಾಗ ಸ್ವರದ ಹೆಸರಿನಲ್ಲಿ ಒಂದು ಗುಣಿತವನ್ನು ಬಳಸುತ್ತೇವೆ. ಶುದ್ಧ ರಿಷಭ ರ, ಚತುಶ್ರುತಿ ರಿಷಭ ರಿ, ಷಟ್‌ಶ್ರುತಿ ರಿಷಭ ರು; ಗಾಂಧಾರದಲ್ಲಿ ಶುದ್ಧವು ಗ, ಸಾಧಾರಣವು ಗಿ, ಅಂತರವು ಗು; ಮಧ್ಯಮಗಳು ಮ ಮತ್ತು ಮಿ; ಧೈವತಗಳು ಧ, ಧಿ, ಧು; ನಿಷಾದಗಳು ನ, ನಿ, ನು. ಈ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಮಾಯಾಮಾಳವಗೌಳ ರಾಗದ ಅವರೋಹಣವನ್ನು, ಅಂದರೆ ಸ್ವರಗಳು ಇಳಿಯುವ ಕ್ರಮವನ್ನು, ಬರೆಯಿರಿ: ಸ ನು ಧ ಪ ಮ ಗು ರ ಸ. ನಡುವೆ ‘ಮಗು’ ಕುಳಿತಿದೆ. ಪುರಂದರದಾಸರ ಕಾಲದಿಂದ ಬಂದದ್ದೆಂದು ಪರಂಪರೆ ಹೇಳುವ ಪಾಠಕ್ರಮದಲ್ಲಿ ಸರಳೆವರಸೆ ಕಲಿಯುವ ಮಗು ಮೊದಲು ಹಾಡುವುದು ಇದೇ ರಾಗವನ್ನು.

ಇಷ್ಟಕ್ಕೇ ನಿಲ್ಲುವುದಿಲ್ಲ. 29ನೆಯ ಮೇಳವಾದ ಧೀರಶಂಕರಾಭರಣದ ಅವರೋಹಣದಲ್ಲಿಯೂ ‘ಮ ಗು’ ಇದೆ. ಅದರ ಶುದ್ಧ ಮಧ್ಯಮವನ್ನು ಒಂದು ಸ್ಥಾನ ಏರಿಸಿ ಪ್ರತಿಮಧ್ಯಮ ಮಾಡಿದರೆ 36 ಸಂಖ್ಯೆ ಮುಂದೆ ಹೋಗಿ 65ನೆಯ ಮೇಚಕಲ್ಯಾಣಿಗೆ ಬರುತ್ತೇವೆ. ಅಲ್ಲಿ ‘ಮ ಗು’ ಇದ್ದದ್ದು ‘ಮಿ ಗು’ ಆಗುತ್ತದೆ. ಮಿಗು ಎಂದರೆ ಹೆಚ್ಚಾಗು, ಮೀರು. ಮಗು ಬೆಳೆದು ಮಿಗಿಲಾಯಿತು ಎಂಬ ಮಾತು ಇಲ್ಲಿ ಸ್ವರಸ್ಥಾನದ ಲೆಕ್ಕದಲ್ಲಿಯೇ ನಿಜ. ಇದನ್ನು ಕಂಡುಕೊಂಡ ದಿನ ನನಗಾದ ಸಂತೋಷವನ್ನು ಹಂಚಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿರುವುದನ್ನೂ ದಯವಿಟ್ಟು ತನ್ನಿ.

ಲಘುಗುರು:

ಆರೋಹಿ ಅವರೇ, ನಿಮ್ಮ ಅಳತೆಗೋಲನ್ನು ಒಪ್ಪುತ್ತೇನೆ. ನಾನು ಛಂದಸ್ಸಿನ ಕಡೆಯಿಂದ ಬಂದವನಾದ್ದರಿಂದ ತಾಳದ ಪದಗಳನ್ನು ತರುತ್ತೇನೆ.

‘ಮಾತ್ರೆ’ ಎಂಬ ಪದಕ್ಕೆ ಕನ್ನಡದಲ್ಲಿ ಮೂರು ಜೀವಗಳಿವೆ. ಛಂದಸ್ಸಿನಲ್ಲಿ ಅದು ಹ್ರಸ್ವಾಕ್ಷರವೊಂದರ ಕಾಲ, ತಾಳದಲ್ಲಿ ಎಣಿಕೆಯ ಒಂದು ಪೆಟ್ಟು, ವೈದ್ಯರಲ್ಲಿ ನುಂಗುವ ಗುಳಿಗೆ. ಮೂರಕ್ಕೂ ಮೂಲದಲ್ಲಿ ಒಂದೇ ಅರ್ಥ, ಅಳತೆ. ಆದುದರಿಂದ ‘ತೀನ್‌ತಾಳದವರಿಗೆ ಒಂದು ಸುತ್ತಿಗೆ 16 ಮಾತ್ರೆ, ಝಪತಾಳದವರಿಗೆ 10 ಸಾಕು’ ಎಂದು ಯಾರಾದರೂ ಹೇಳಿದರೆ ಅದು ಬರಿಯ ಪದದ ಆಟವಲ್ಲ. ಹೆಚ್ಚು ನುಂಗಿದರೂ ಕಡಿಮೆ ನುಂಗಿದರೂ ಅಪಾಯ ಎಂಬುದು ಮೂರು ಶಾಸ್ತ್ರಗಳಿಗೂ ಸಲ್ಲುತ್ತದೆ: ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಸಾಲು ಕುಂಟುತ್ತದೆ, ತಾಳದಲ್ಲಿ ಹೆಚ್ಚಾದರೆ ಸಮ, ಅಂದರೆ ಸುತ್ತಿನ ಮೊದಲ ಪೆಟ್ಟು, ತಪ್ಪುತ್ತದೆ, ಮದ್ದಿನಲ್ಲಿ ಹೆಚ್ಚಾದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ನನಗೆ ಇದಕ್ಕಿಂತ ಪ್ರಿಯವಾದದ್ದು ಲಘು ಮತ್ತು ಗುರುಗಳ ಕಥೆ. ಛಂದಸ್ಸಿನಲ್ಲಿ ಲಘು ಒಂದು ಮಾತ್ರೆ, ಗುರು ಎರಡು. ಗುರು ಯಾವಾಗಲೂ ದೊಡ್ಡದು. ತಾಳದ ಷಡಂಗಗಳಲ್ಲಿಯೂ ಅನುದ್ರುತಕ್ಕೆ 1, ದ್ರುತಕ್ಕೆ 2, ಲಘುವಿಗೆ 4, ಗುರುವಿಗೆ 8, ಪ್ಲುತಕ್ಕೆ 12, ಕಾಕಪಾದಕ್ಕೆ 16 ಅಕ್ಷರಕಾಲವೆಂದು ಎಣಿಸುವಾಗ ಗುರುವಿನ ಹಿರಿತನ ಉಳಿಯುತ್ತದೆ. ಆದರೆ ಲಘುವಿಗೆ ಜಾತಿಭೇದವಿದೆ. ತಿಶ್ರದಲ್ಲಿ 3, ಚತುರಶ್ರದಲ್ಲಿ 4, ಖಂಡದಲ್ಲಿ 5, ಮಿಶ್ರದಲ್ಲಿ 7, ಸಂಕೀರ್ಣದಲ್ಲಿ 9. ಅಂದರೆ ಸಂಕೀರ್ಣ ಜಾತಿಯ ಲಘು ಗುರುವನ್ನು ಒಂದು ಅಕ್ಷರದಿಂದ ಮೀರಿಸುತ್ತದೆ. ‘ಗುರುವನ್ನು ಮೀರಿಸಿದ ಶಿಷ್ಯ ಲಘುವಾಗಿಯೇ ಉಳಿಯುತ್ತಾನೆ’ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹೆಸರು ಬದಲಾಗುವುದಿಲ್ಲ, ಎಣಿಕೆ ಮಾತ್ರ ಬೆಳೆಯುತ್ತದೆ.

ಕೇಳುಗ:

ನಾನು ಶಾಸ್ತ್ರ ಓದಿದವನಲ್ಲ, ಕಚೇರಿಗಳಲ್ಲಿ ಕುಳಿತು ಕೇಳುವವನು. ಆದ್ದರಿಂದ ಒಂದು ಆಕ್ಷೇಪವನ್ನು ಮನಸ್ಸಿನಿಂದಲೇ ಎತ್ತುತ್ತಿದ್ದೇನೆ. ಯಾವ ಗಾಯಕರೂ ‘ಮ ಗು ರ ಸ’ ಎಂದು ಹಾಡುವುದನ್ನು ನಾನು ಕೇಳಿಲ್ಲ. ರಿಷಭ ಯಾವುದಾದರೂ ಬಾಯಲ್ಲಿ ರಿ, ಗಾಂಧಾರ ಯಾವುದಾದರೂ ಗ. ಪುಸ್ತಕದಲ್ಲಿ ಮಾತ್ರ ಇರುವ ಅಕ್ಷರವನ್ನು ಹಿಡಿದು ಮಾಡಿದ ಶ್ಲೇಷೆ ಕಿವಿಗೆ ತಲುಪುವುದು ಹೇಗೆ? ಎರಡು ಪುಟ ವಿವರಣೆ ಬೇಡುವ ಹಾಸ್ಯ ವಿವರಣೆ ಮುಗಿಯುವ ಹೊತ್ತಿಗೆ ಆರಿಹೋಗಿರುತ್ತದೆ.

ನನಗೆ ಹಿಡಿಸುವುದು ಎಲ್ಲರಿಗೂ ಒಮ್ಮೆಲೇ ತಿಳಿಯುವಂಥದು. ಶ್ರುತಿ ಎಂದರೆ ವೇದ, ಶ್ರುತಿ ಎಂದರೆ ಆಧಾರಸ್ವರ, ಶ್ರುತಿ ಎಂದರೆ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರು. ಲಯ ಎಂದರೆ ಕಾಲದ ನಡೆ, ಸೃಷ್ಟಿ ಸ್ಥಿತಿಗಳ ನಂತರದ ನಾಶವೂ ಹೌದು. ‘ಶ್ರುತಿರ್ಮಾತಾ ಲಯಃ ಪಿತಾ’ ಎಂಬ ಹಳೆಯ ಮಾತು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ‘ಲಯ ತಪ್ಪಿದರೆ ಲಯ’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ, ಮುಗುಳ್ನಗುತ್ತಾರೆ. ಮೂರೇ ಪದಗಳಲ್ಲಿ ಕೆಲಸ ಮುಗಿಯಿತು.

ಆರೋಹಿ:

ಕೇಳುಗ ಅವರೇ, ‘ಲಯ ತಪ್ಪಿದರೆ ಲಯ’ ನಿಜವಾಗಿಯೂ ಚೊಕ್ಕವಾಗಿದೆ, ನಾನು ಕೇಳುವ ಅಳತೆಗೂ ಸರಿಹೊಂದುತ್ತದೆ. ನಿಮ್ಮ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು, ಏಕೆಂದರೆ ಅದು ನ್ಯಾಯವಾದದ್ದು.

ಬಾಯಲ್ಲಿ ಹಾಡುವಾಗ ‘ಮ ಗ ರಿ ಸ’ ಎನ್ನುತ್ತೇವೆ, ನಿಜ. ಆಗ ಮಗು ಹೋಗಿ ‘ಮಗ’ ಬರುತ್ತಾನೆ, ಸಂಸಾರ ಉಳಿಯುತ್ತದೆ. ಹಾಡುವ ಸ್ವರಗಳಲ್ಲಿಯೇ ಸರಿ, ಗರಿ, ನಿಗಮ, ಪಾಪ, ಸಮ ಎಂಬ ಪದಗಳೂ ಸಿಗುತ್ತವೆ, ಧೈವತವನ್ನು ದ ಎಂದು ಅಚ್ಚುಮಾಡುವ ಪುಸ್ತಕಗಳಲ್ಲಿ ಪದ ಎಂಬುದೂ ಸಿಗುತ್ತದೆ. ಸಾಹಿತ್ಯವನ್ನೂ ಸಂಗೀತವನ್ನೂ ತಾವೇ ರಚಿಸುವ ವಾಗ್ಗೇಯಕಾರರು ಇದನ್ನು ಎಂದೋ ಕಂಡುಕೊಂಡರು. ಸಾಹಿತ್ಯದ ಅಕ್ಷರವೂ ಅಲ್ಲಿ ನಿಲ್ಲುವ ಸ್ವರವೂ ಒಂದೇ ಆಗುವಂತೆ ಕೂಡಿಸುವುದಕ್ಕೆ ಸ್ವರಾಕ್ಷರ ಎಂಬ ಹೆಸರಿದೆ, ಅದರಲ್ಲಿ ಎರಡು ಬಗೆಗಳಿವೆ. ಅಕ್ಷರ ಹಾಗೆಯೇ ಕೂಡಿದರೆ ಶುದ್ಧ ಸ್ವರಾಕ್ಷರ. ವ್ಯಂಜನ ಮಾತ್ರ ಕೂಡಿ ಸ್ವರಚಿಹ್ನೆ ಬೇರೆಯಾದರೆ ಸೂಚಿತ ಸ್ವರಾಕ್ಷರ. ಗಾಂಧಾರದ ಮೇಲೆ ‘ಗು’ ಎಂಬ ಸಾಹಿತ್ಯಾಕ್ಷರ ಬಂದರೆ ಶಾಸ್ತ್ರ ಅದನ್ನು ಒಪ್ಪಿ ಹೆಸರಿಟ್ಟು ಬರಮಾಡಿಕೊಂಡಿದೆ. ಆದ್ದರಿಂದ ನನ್ನ ‘ಮಗು’ವಿಗೆ ಕಿವಿಯ ಪರವಾನಗಿಯೂ ಇದೆ ಎಂದು ನಂಬುತ್ತೇನೆ.

ವಿವರಣೆಯಿಂದ ಹಾಸ್ಯ ಆರುತ್ತದೆ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಕೆಲವು ಮಾತುಗಳು ಕೇಳಿದ ಕೂಡಲೇ ನಗಿಸಿ ಮುಗಿಯುತ್ತವೆ. ಕೆಲವು ಅರ್ಥವಾದ ಮೇಲೆ ದಿನವೆಲ್ಲ ಜೊತೆಗಿರುತ್ತವೆ. ನಮ್ಮ ಸ್ವರವ್ಯವಸ್ಥೆಯ ಬುಡದಲ್ಲಿಯೇ ಶ್ಲೇಷೆಯಿದೆಯಲ್ಲ! ಸ್ಥಾನಗಳು 12, ಹೆಸರುಗಳು 16. ಚತುಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಸ್ಥಾನ, ಷಟ್‌ಶ್ರುತಿ ರಿಷಭ ಮತ್ತು ಸಾಧಾರಣ ಗಾಂಧಾರ ಒಂದೇ ಸ್ಥಾನ, ಧೈವತ ನಿಷಾದಗಳಲ್ಲಿಯೂ ಹೀಗೆಯೇ. ಒಂದು ನಾದಕ್ಕೆ ಎರಡು ಅರ್ಥ, ಯಾವುದೆಂದು ತಿಳಿಯಬೇಕಾದರೆ ನೆರೆಯ ಸ್ವರವನ್ನು ನೋಡಬೇಕು. ಶ್ಲೇಷಾಲಂಕಾರದಲ್ಲಿ ಪದವೊಂದು ಮಾಡುವ ಕೆಲಸವೂ ಇದೇ.

ಹಳೆಯ ವಕೀಲ:

ನ್ಯಾಯಾಲಯದಲ್ಲಿ ಬಹಳ ವರ್ಷ ಕಳೆದವನಾದ್ದರಿಂದ ಮೊದಲ ಬಾರಿ ಸ್ವರಗಳ ನಡುವಿನ ಸಂಬಂಧವನ್ನು ಹೇಳುವ ‘ವಾದಿ, ಸಂವಾದಿ, ಅನುವಾದಿ, ವಿವಾದಿ’ ಎಂಬ ಪಾಠ ಕೇಳಿದಾಗ ನಾನು ಮನೆಗೇ ಬಂದಂತೆ ಅನ್ನಿಸಿತು. ವಾದಿ ಇದ್ದಾನೆ, ವಿವಾದ ಇದೆ, ಆದರೆ ಪ್ರತಿವಾದಿ ಇಲ್ಲ. ಪ್ರತಿ ಎಂಬ ಉಪಸರ್ಗ ಇರುವುದು ಮಧ್ಯಮಕ್ಕೆ ಮಾತ್ರ. ಪ್ರತಿವಾದಿಯೇ ಇಲ್ಲದ ವಿವಾದದಲ್ಲಿ ಪ್ರತಿಮಧ್ಯಮ ಮಧ್ಯಸ್ಥಿಕೆ ವಹಿಸುತ್ತದೆ ಎಂದು ಒಂದು ಕಾಲಕ್ಕೆ ಸ್ನೇಹಿತರಿಗೆ ಹೇಳುತ್ತಿದ್ದೆ. ಆರೋಹಿ ಅವರ ಅಳತೆಯಲ್ಲಿ ಅದು ನಿಲ್ಲುವುದಿಲ್ಲವೆಂದು ಈಗ ತಿಳಿಯಿತು, ಪ್ರತಿಮಧ್ಯಮ ಯಾವ ವಿವಾದವನ್ನೂ ಬಿಡಿಸುವುದಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದನ್ನು ಸಲ್ಲಿಸುತ್ತೇನೆ.

ಶುದ್ಧ ಗಾಂಧಾರ, ಷಟ್‌ಶ್ರುತಿ ರಿಷಭ, ಶುದ್ಧ ನಿಷಾದ, ಷಟ್‌ಶ್ರುತಿ ಧೈವತ – ಈ ನಾಲ್ಕರಲ್ಲಿ ಒಂದಾದರೂ ಇರುವ ಮೇಳವನ್ನು ವಿವಾದಿ ಮೇಳ ಎನ್ನುತ್ತಾರೆ. 72ರಲ್ಲಿ ಅಂಥವು 40. ಉಳಿದ 32 ಮಾತ್ರ ನಿರ್ವಿವಾದ. ನಮ್ಮ ಕಡತಗಳ ಅನುಪಾತವೂ ಹೆಚ್ಚು ಕಡಿಮೆ ಹೀಗೆಯೇ ಇದ್ದಂತೆ ನನಗೆ ನೆನಪು.

ಈಗ ಆರೋಹಿ ಅವರ ಅಕ್ಷರಗಳನ್ನು ತೆಗೆದುಕೊಳ್ಳಿ. ಶುದ್ಧ ಧೈವತ ಮತ್ತು ಶುದ್ಧ ನಿಷಾದ ಸೇರಿದರೆ ‘ಧನ’. ಇದು ಪ್ರತಿ ಚಕ್ರದ, ಅಂದರೆ ಆರಾರು ಮೇಳಗಳ ಗುಂಪಿನ, ಮೊದಲ ಮೇಳದಲ್ಲಿ ಬರುತ್ತದೆ, ಒಟ್ಟು 12 ಮೇಳಗಳಲ್ಲಿ. ಆ 12ರಲ್ಲಿ ಒಂದೂ ವಿವಾದದಿಂದ ಹೊರತಲ್ಲ, ಏಕೆಂದರೆ ವಿವಾದ ಹುಟ್ಟುವುದೇ ಆ ಧನದಿಂದ. ಆಸ್ತಿಯ ವ್ಯಾಜ್ಯಗಳನ್ನು ನಡೆಸಿ ತಲೆಗೂದಲು ನರೆಸಿಕೊಂಡವನಿಗೆ ಇದಕ್ಕಿಂತ ನಿಜವಾದ ಮಾತು ಬೇಕಿಲ್ಲ. ಮೊಟ್ಟಮೊದಲ ಮೇಳವನ್ನೇ ನೋಡಿ: ಸ ರ ಗ ಮ ಪ ಧ ನ. ‘ರಗ’ವೂ ವಿವಾದಿ, ‘ಧನ’ವೂ ವಿವಾದಿ. ರಾಗವೆಂದರೆ ಮೋಹ, ಧನವೆಂದರೆ ಹಣ, ಮೇಳದ ಹೆಸರು ಕನಕಾಂಗಿ, ಮೈಯೆಲ್ಲ ಚಿನ್ನ.

ಇನ್ನು ಧನವನ್ನು ತಿರುಗಿಸಿ ನಿಧಿ ಮಾಡಿದರೆ ಏನಾಗುತ್ತದೆ ನೋಡಿ. ಚತುಶ್ರುತಿ ಧೈವತ, ಕೈಶಿಕಿ ನಿಷಾದ ಸೇರಿದ ‘ಧಿ ನಿ’ ಜೋಡಿಯಲ್ಲಿ ತನ್ನಷ್ಟಕ್ಕೆ ವಿವಾದವಿಲ್ಲ. ಖರಹರಪ್ರಿಯ, ಹರಿಕಾಂಭೋಜಿ, ಚಕ್ರವಾಕಗಳ ಅವರೋಹಣದಲ್ಲಿ ಇಳಿಯುತ್ತ ಹೋದಂತೆ ಅದು ‘ನಿಧಿ’ಯಾಗಿ ಸಿಗುತ್ತದೆ. ನಿಧಿ ಸಿಗಬೇಕಾದರೆ ಕೆಳಕ್ಕೆ ಅಗೆಯಬೇಕಲ್ಲವೆ?

ಕಟಪಯ:

ಹಳೆಯ ವಕೀಲರ ಕನಕಾಂಗಿಯನ್ನು ಓದಿ ಸುಮ್ಮನಿರಲಾಗಲಿಲ್ಲ. ಮೇಳಗಳ ಹೆಸರುಗಳೇ ಶ್ಲೇಷೆಗಳು ಎಂಬುದನ್ನು ಇಲ್ಲಿ ಇನ್ನೂ ಯಾರೂ ಹೇಳಿಲ್ಲ.

ಕಟಪಯಾದಿ ಸೂತ್ರದಲ್ಲಿ ವ್ಯಂಜನಗಳಿಗೆ ಅಂಕಿಗಳಿವೆ. ಕ ಮೊದಲಾಗಿ ಒಂಬತ್ತು, ಟ ಮೊದಲಾಗಿ ಒಂಬತ್ತು, ಪ ಮೊದಲಾಗಿ ಐದು, ಯ ಮೊದಲಾಗಿ ಎಂಟು; ಞ ಮತ್ತು ನ ಸೊನ್ನೆ. ಸೂತ್ರದ ಹೆಸರಿನ ನಾಲ್ಕು ಅಕ್ಷರಗಳೂ 1 ಎಂಬುದನ್ನು ಗಮನಿಸಿ. ಮೇಳದ ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿಗಳನ್ನು ತಿರುವುಮುರುವು ಮಾಡಿದರೆ ಮೇಳದ ಸಂಖ್ಯೆ. ‘ಕನ’ ಎಂದರೆ 1 ಮತ್ತು 0, ತಿರುಗಿಸಿದರೆ 01. ಅಂದರೆ ಕನಕಾಂಗಿ ಎಂಬ ಹೆಸರು ಚಿನ್ನದ ಮೈಯವಳನ್ನೂ ಹೇಳುತ್ತದೆ, ಒಂದನೆಯವಳು ಎಂಬುದನ್ನೂ ಹೇಳುತ್ತದೆ. ಕೊನೆಯ ರಸಿಕಪ್ರಿಯದಲ್ಲಿ ‘ರಸಿ’ 2 ಮತ್ತು 7, ತಿರುಗಿಸಿದರೆ 72. ಶಂಕರಾಭರಣ, ಕಲ್ಯಾಣಿ, ತೋಡಿ ಎಂಬ ಹಳೆಯ ಹೆಸರುಗಳು ಲೆಕ್ಕಕ್ಕೆ ಹೊಂದಲಿಲ್ಲವಾದ್ದರಿಂದ ಧೀರ, ಮೇಚ, ಹನುಮ ಎಂಬ ಮುನ್ನುಡಿಗಳು ಬಂದವು: 29, 65, 8. ರಾಗದ ರೂಪ ಕೆಡದಂತೆ, ಹೆಸರಿನ ಅರ್ಥವೂ ಕೆಡದಂತೆ ಸಂಖ್ಯೆಯನ್ನು ಹೊಲಿದವರ ಕೈಗೆ ನಾನು ನಮಸ್ಕರಿಸುತ್ತೇನೆ.

ಚಕ್ರಗಳ ಹೆಸರುಗಳೂ ಹೀಗೆಯೇ ಎಣಿಕೆಯ ಮಾತುಗಳು. ಇಂದು, ಅಂದರೆ ಚಂದ್ರ, ಒಬ್ಬನೇ, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಋಷಿ ಏಳು, ವಸು ಎಂಟು, ಬ್ರಹ್ಮ ಒಂಬತ್ತು, ದಿಶಿ ಹತ್ತು, ರುದ್ರ ಹನ್ನೊಂದು, ಆದಿತ್ಯ ಹನ್ನೆರಡು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅನೇಕ ಕಡೆ ‘ನಟಭೈರವಿ’ ಎಂದು ಬರೆಯುವುದನ್ನು ಕಾಣುತ್ತೇವೆ. ನ ಸೊನ್ನೆ, ಟ ಒಂದು. ತಿರುಗಿಸಿದರೆ 10 ಆಗುತ್ತದೆ, ಅದು ನಾಟಕಪ್ರಿಯದ ಮನೆ. 20 ಬರಬೇಕಾದರೆ ಮಹಾಪ್ರಾಣ ಬೇಕು, ‘ನಠಭೈರವಿ’ ಎಂದೇ ಬರೆಯಬೇಕು. ಒಂದು ಅಕ್ಷರದ ಉಸಿರು ಕಡಿಮೆಯಾದರೆ ಭೈರವಿ ನಾಟಕಕ್ಕೆ ಸೇರಿಬಿಡುತ್ತಾಳೆ. ಸಿಂಹೇಂದ್ರಮಧ್ಯಮದಲ್ಲಿ ಮಾತ್ರ ಸಿ 7, ಅನುಸ್ವಾರವನ್ನು ಮ ಎಂದು ಹಿಡಿದು 5, ಹೀಗೆ 57. ಆದರೆ 33ನೆಯ ಗಾಂಗೇಯಭೂಷಣಿಯಲ್ಲಿ ಅನುಸ್ವಾರವನ್ನು ಎಣಿಸುವುದಿಲ್ಲ. ಈ ಅಸಮತೆ ನನ್ನನ್ನು ಇಂದಿಗೂ ಕಾಡುತ್ತದೆ.

ಈ ಸೂತ್ರವನ್ನು ನಮ್ಮ ಕನ್ನಡ ಪದಗಳ ಮೇಲೆ ಹಾಕಿ ನೋಡುವುದು ನನ್ನ ಬಿಡುವಿನ ಆಟ. ‘ನಗು’ ಎಂದರೆ 0 ಮತ್ತು 3, ತಿರುಗಿಸಿದರೆ 30: ನಾಗಾನಂದಿನಿ, ಹೆಸರಿನೊಳಗೇ ಆನಂದ. ವಕೀಲರ ‘ಧನ’ 9ಕ್ಕೆ ಬರುತ್ತದೆ: ಧೇನುಕ. ಧೈವತವನ್ನು ದ ಎಂದು ಅಚ್ಚುಮಾಡುವ ಪುಸ್ತಕದಲ್ಲಿ ಧನವು ‘ದನ’ವಾಗಿಬಿಡುತ್ತದೆ ಎಂಬುದನ್ನು ನೆನೆದರೆ, ಗೋವನ್ನೇ ಸಂಪತ್ತೆಂದು ಎಣಿಸುತ್ತಿದ್ದ ಕಾಲ ಧೇನುಕದಲ್ಲಿ ಮೈದೋರಿದಂತೆ ಅನ್ನಿಸುತ್ತದೆ.

ಬಿಳಿಕಪ್ಪು:

ನಾನು ಪಿಯಾನೋ ಕಲಿತವಳು. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರಗಳಿಗೆ ಅಕ್ಷರಗಳ ಹೆಸರು ಇರುವುದರಿಂದ ಅಲ್ಲಿಯ ಆಟ ಇಲ್ಲಿಯದಕ್ಕಿಂತ ಬೇರೆ ದಾರಿ ಹಿಡಿಯಿತು. ಜರ್ಮನ್ ರೂಢಿಯಲ್ಲಿ ಬಿ ಎಂದರೆ ನಾವು ಬಿ ಫ್ಲಾಟ್ ಎನ್ನುವ ಸ್ವರ, ಎಚ್ ಎಂದರೆ ಪೂರ್ಣ ಬಿ. ಹೀಗಾಗಿ ಜರ್ಮನ್ ಸಂಗೀತ ರಚನೆಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ (1685–1750) ಅವರ ಮನೆತನದ ಹೆಸರಿನ ಬಿ, ಎ, ಸಿ, ಎಚ್ ಎಂಬ ನಾಲ್ಕೂ ಅಕ್ಷರಗಳನ್ನು ನುಡಿಸಬಹುದು. ಅಪೂರ್ಣವಾಗಿ ಉಳಿದ ತಮ್ಮ ಕೊನೆಯ ದೊಡ್ಡ ಫ್ಯೂಗ್ (ಒಂದೇ ವಿಷಯವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ) ರಚನೆಯಲ್ಲಿ ಅವರೇ ಈ ನಾಲ್ಕು ಸ್ವರಗಳನ್ನು ವಿಷಯವಾಗಿ ಇಟ್ಟರು. 20ನೇ ಶತಮಾನದಲ್ಲಿ ರಷ್ಯಾದ ರಚನೆಕಾರ ಷೋಸ್ತಕೋವಿಚ್ ತಮ್ಮ ಹೆಸರಿನ ಜರ್ಮನ್ ರೂಪದಿಂದ ಡಿ, ಎಸ್ (ಜರ್ಮನ್ ರೂಢಿಯಲ್ಲಿ ಇ ಫ್ಲಾಟ್), ಸಿ, ಎಚ್ ಎಂಬ ನಾಲ್ಕು ಅಕ್ಷರಗಳನ್ನು ಆಯ್ದು ಹತ್ತನೆಯ ಸಿಂಫನಿಯಲ್ಲಿ ಮತ್ತೆ ಮತ್ತೆ ಕೇಳಿಸಿದರು. ನಮ್ಮ ವಾಗ್ಗೇಯಕಾರರು ಸಾಹಿತ್ಯದಲ್ಲಿ ಅಂಕಿತ ಇಟ್ಟರು, ಅವರು ಸ್ವರದಲ್ಲಿಯೇ ಅಂಕಿತ ಇಟ್ಟರು ಎಂದು ನಾನು ತಿಳಿಯುತ್ತೇನೆ.

ಆದರೆ ಆ ಭಾಷೆಯ ದಿನದ ಹಾಸ್ಯವನ್ನು ಕನ್ನಡಕ್ಕೆ ತಂದರೆ ಹೆಚ್ಚಿನದು ದಾರಿಯಲ್ಲಿಯೇ ಸಾಯುತ್ತದೆ. ಉಳಿಯುವುದು ನಾವು ಈಗಾಗಲೇ ಬೇರೆ ಅರ್ಥದಲ್ಲಿ ನಮ್ಮದಾಗಿಸಿಕೊಂಡ ಪದಗಳ ಹಾಸ್ಯ ಮಾತ್ರ. ಮೈನರ್ ಎಂದರೆ ನಮಗೆ ವಯಸ್ಸು ತುಂಬದವನು, ಮೇಜರ್ ಎಂದರೆ ವಯಸ್ಸಿಗೆ ಬಂದವನು. ಮೈನರ್ ಸ್ವರಗುಚ್ಛದ ನಡುವಿನ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಿದರೆ ಮೇಜರ್ ಆಗುತ್ತದೆ. ‘ಅರ್ಧ ಮೆಟ್ಟಿಲು ಹತ್ತಿದ ಕೂಡಲೇ ಹುಡುಗ ವಯಸ್ಸಿಗೆ ಬಂದ’ ಎಂಬುದು ಎರಡೂ ಕಡೆ ನಿಲ್ಲುತ್ತದೆ. ಫ್ಲಾಟ್ ಎಂದರೆ ನಮಗೆ ವಾಸದ ಮನೆ. ಹಾರ್ಮೋನಿಯಂ ಇಟ್ಟುಕೊಂಡು ಹಾಡುವವರು ಶ್ರುತಿಯನ್ನು ಒಂದು ಮನೆ, ಒಂದೂವರೆ ಮನೆ ಎಂದು ಹೇಳುವುದೂ ಉಂಟು. ಎ ಶಾರ್ಪ್ ಮತ್ತು ಬಿ ಫ್ಲಾಟ್ ಪಿಯಾನೋದಲ್ಲಿ ಒಂದೇ ಕಪ್ಪು ಪಟ್ಟಿ. ಆದ್ದರಿಂದ ‘ಎ ಶಾರ್ಪ್ ಅವರ ವಿಳಾಸ ಯಾವುದು’ ಎಂದು ಕೇಳಿದರೆ ‘ಬಿ ಫ್ಲಾಟ್’ ಎಂಬುದೇ ಸರಿಯಾದ ಉತ್ತರ. ಆರೋಹಿ ಅವರು ಹೇಳಿದ ಒಂದು ಸ್ಥಾನಕ್ಕೆ ಎರಡು ಹೆಸರು ಎಂಬುದು ಆ ಪದ್ಧತಿಯಲ್ಲಿಯೂ ಇದೆ ಎಂದಾಯಿತು.

ಕೈತಾಳ:

ಮೃದಂಗ ಕಲಿಯುವವನ ಕಡೆಯಿಂದ ಕೆಲವು ಮಾತು. ತಾಳ ಆರಂಭವಾಗುವ ಸ್ಥಾನಕ್ಕೂ ಹಾಡು ಆರಂಭವಾಗುವ ಸ್ಥಾನಕ್ಕೂ ಇರುವ ಸಂಬಂಧವನ್ನು ಗ್ರಹ ಎನ್ನುತ್ತೇವೆ. ಹಾಡು ತಾಳಕ್ಕಿಂತ ಮೊದಲೇ ಬಂದರೆ ಅತೀತ, ತಾಳ ಬಂದ ಮೇಲೆ ಬಂದರೆ ಅನಾಗತ. ಅನಾಗತ ಎಂದರೆ ಬಾರದಿರುವುದು. ‘ತಾಳ ಬಂದು ಕುಳಿತಿದೆ, ಹಾಡು ಅನಾಗತ’ ಎಂಬ ವಾಕ್ಯದಲ್ಲಿ ಪಾರಿಭಾಷಿಕ ಅರ್ಥ ಯಾವುದು, ಸಾಮಾನ್ಯ ಅರ್ಥ ಯಾವುದು ಎಂದು ಬೇರ್ಪಡಿಸಲು ನನಗೆ ಇಂದಿಗೂ ಆಗಿಲ್ಲ. ಗ್ರಹ ಸರಿಯಿಲ್ಲದವನಿಗೆ ಏನು ಮಾಡಿದರೂ ಕೂಡಿಬರುವುದಿಲ್ಲ ಎಂಬ ಮಾತನ್ನು ಜ್ಯೋತಿಷಿಯೂ ಹೇಳಬಹುದು, ನಮ್ಮ ಗುರುಗಳೂ ಹೇಳಬಹುದು.

ಹಿಂದೂಸ್ತಾನಿಯ ರೂಪಕ ತಾಳಕ್ಕೆ 7 ಮಾತ್ರೆ, ಅದರ ಮೊದಲ ಮಾತ್ರೆಯೇ ಖಾಲಿ, ಅಂದರೆ ಚಪ್ಪಾಳೆಯಿಲ್ಲದೆ ಕೈ ಬೀಸುವ ಜಾಗ. ಬೇರೆ ತಾಳಗಳಲ್ಲಿ ಖಾಲಿ ನಡುವೆ ಬರುತ್ತದೆ. ಸಂಬಳ ಬಂದ ದಿನವೇ ಸಾಲಕ್ಕೆ ಕೊಟ್ಟು ಮುಗಿಸುವ ನನ್ನ ಸ್ನೇಹಿತರೊಬ್ಬರು ತಮ್ಮ ತಿಂಗಳು ರೂಪಕ ತಾಳದಲ್ಲಿದೆ ಎನ್ನುತ್ತಾರೆ. ನಕ್ಕ ಮೇಲೆ ಮನಸ್ಸು ಭಾರವಾಗುವ ಮಾತು ಅದು.

ಯತಿ ಎಂಬ ಪದಕ್ಕೆ ಸನ್ಯಾಸಿ ಎಂಬ ಅರ್ಥವಿದೆ, ಪದ್ಯದಲ್ಲಿ ನಿಲುಗಡೆ ಎಂಬ ಅರ್ಥವಿದೆ, ತಾಳದಲ್ಲಿ ನಡೆಯ ಆಕಾರ ಎಂಬ ಅರ್ಥವಿದೆ. ಆಕಳ ಬಾಲದಂತೆ ಮೊದಲು ದಪ್ಪ, ಬರುಬರುತ್ತ ಸಣ್ಣಗಾಗುವುದು ಗೋಪುಚ್ಛ ಯತಿ. ಮುತ್ತುಸ್ವಾಮಿ ದೀಕ್ಷಿತರು (1775–1835) ಆನಂದಭೈರವಿಯ ಕೃತಿಯೊಂದರಲ್ಲಿ ಇದನ್ನು ಅಕ್ಷರಗಳಲ್ಲಿಯೇ ಮಾಡಿ ತೋರಿಸಿದ್ದಾರೆ. ‘ತ್ಯಾಗರಾಜ ಯೋಗವೈಭವಂ’ ಎಂದು ಆರಂಭಿಸಿ ಮುಂದಿನಿಂದ ಅಕ್ಷರಗಳನ್ನು ಕಳಚುತ್ತ ‘ರಾಜಯೋಗವೈಭವಂ’, ‘ಯೋಗವೈಭವಂ’, ‘ವೈಭವಂ’, ‘ಭವಂ’, ‘ವಂ’ ಎಂಬಲ್ಲಿಗೆ ಇಳಿಯುತ್ತಾರೆ. ಒಂದೊಂದು ತುಂಡಿಗೂ ಅರ್ಥವಿದೆ. ಕಳೆಯುತ್ತ ಹೋದಂತೆ ಕೊನೆಗೆ ಉಳಿಯುವುದು ‘ವಂ’ ಎಂಬ ಬೀಜಾಕ್ಷರ. ಯತಿಯೂ ಇದೆ, ತ್ಯಾಗವೂ ಇದೆ. ನಾವು ಇಲ್ಲಿ ಆಡುತ್ತಿರುವ ಆಟವನ್ನು ಹಿರಿಯರು ಎಷ್ಟು ಎತ್ತರದಲ್ಲಿ ಆಡಿದ್ದರು ಎಂದು ತಿಳಿಯಲು ಇದೊಂದೇ ಸಾಕು.

ಗೃಹಪಾಠ:

ನಾನು ಚಿಕ್ಕ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಕೇಳುಗ ಅವರ ಆಕ್ಷೇಪವೂ ಆರೋಹಿ ಅವರ ಉತ್ತರವೂ ನನ್ನ ತರಗತಿಯಲ್ಲಿ ದಿನವೂ ಎದುರಾಗುತ್ತವೆ, ಆದುದರಿಂದ ನಡೆದದ್ದನ್ನು ಹೇಳುತ್ತೇನೆ.

ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರದ ವ್ಯತ್ಯಾಸವನ್ನು ಒಬ್ಬ ಹುಡುಗಿಗೆ ಎಷ್ಟು ಬಾರಿ ಹೇಳಿದರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕಳೆದ ವಾರ ಈ ಚರ್ಚೆಯನ್ನು ಓದಿದ ಮೇಲೆ ಖರಹರಪ್ರಿಯದ ಅವರೋಹಣವನ್ನು ಹಲಗೆಯ ಮೇಲೆ ಬರೆದೆ: ಸ ನಿ ಧಿ ಪ ಮ ಗಿ ರಿ ಸ. ‘ಇದರಲ್ಲಿ ಅಡಗಿರುವ ಪದಗಳನ್ನು ಹುಡುಕು’ ಎಂದೆ. ವಕೀಲರು ಹೇಳಿದ ನಿಧಿ ಅವಳಿಗೆ ಬೇಗ ಸಿಕ್ಕಿತು. ಸ್ವಲ್ಪ ಹೊತ್ತು ನೋಡಿ, ನಾನು ಗಮನಿಸದೇ ಇದ್ದ ಇನ್ನೊಂದನ್ನು ಹೇಳಿದಳು: ‘ಮೇಡಂ, ಇಲ್ಲಿ ಗಿರಿಯೂ ಇದೆ.’ ಗಿ ರಿ, ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ. ಗಾಂಧಾರವನ್ನು ಅಂತರಕ್ಕೆ ಏರಿಸಿ ಹಾಡಿದಾಗ ‘ಈಗ ಗಿರಿ ಹೋಗಿ ಮಗು ಬಂತು, ಇದು ಹರಿಕಾಂಭೋಜಿ’ ಎಂದು ತಾನೇ ಗುರುತಿಸಿದಳು. ಅಂದಿನಿಂದ ಅವಳ ಗಾಂಧಾರ ತಪ್ಪಿಲ್ಲ.

ಹೊಸದಾಗಿ ಕಲಿಯುವವರಿಗೆ ಹಾಸ್ಯವನ್ನು ವಿವರಿಸಬೇಕಾಗುತ್ತದೆ, ನಿಜ. ಆದರೆ ಆ ವಿವರಣೆಯೇ ಪಾಠವಾಗಿರುವಾಗ ನಷ್ಟವೇನಿದೆ?

ಕೇಳುಗ:

ಗೃಹಪಾಠ ಅವರ ಬರಹ ಓದಿ ನನ್ನ ಆಕ್ಷೇಪವನ್ನು ಸಡಿಲಿಸುತ್ತೇನೆ. ಈ ಆಟ ಕಿವಿಯಲ್ಲಿ ಹುಟ್ಟದೇ ಹೋದರೂ ಕೊನೆಗೆ ಕಿವಿಗೆ ತಲುಪಿತು. ನಾನೂ ಒಂದನ್ನು ಪ್ರಯತ್ನಿಸಲೇ? ಶಂಕರಾಭರಣದ ಅವರೋಹಣದಲ್ಲಿ ‘ನು ಧಿ’ ಬರುತ್ತದೆ. ಅದನ್ನು ‘ನುಡಿ’ ಎಂದು ಓದಿದರೆ ‘ನುಡಿ’ ಮತ್ತು ‘ಮಗು’ ಎರಡೂ ಒಂದೇ ರಾಗದಲ್ಲಿ ಸಿಗುತ್ತವೆ, ಮಗುವಿನ ನುಡಿ ಎನ್ನಬಹುದು.

ಆರೋಹಿ:

ಪ್ರಯತ್ನ ತುಂಬ ಇಷ್ಟವಾಯಿತು, ಆದರೆ ಧಿಯನ್ನು ಡಿ ಮಾಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ದ ಮತ್ತು ಧ ಎರಡನ್ನೂ ಪುಸ್ತಕಗಳು ಬಳಸುತ್ತವೆ, ಡ ಯಾರೂ ಬಳಸುವುದಿಲ್ಲ. ಒಂದು ಅಕ್ಷರವನ್ನು ನಮಗೆ ಬೇಕಾದಂತೆ ಬಾಗಿಸಿದ ಮೇಲೆ ಯಾವ ಪದವನ್ನಾದರೂ ಯಾವ ರಾಗದಲ್ಲಾದರೂ ಹುಡುಕಬಹುದು, ಆಗ ಸಿಕ್ಕ ಪದಕ್ಕೆ ಬೆಲೆಯಿರುವುದಿಲ್ಲ. ಅದರ ಬದಲು 36ನೆಯ ಚಲನಾಟದ ಅವರೋಹಣವನ್ನು ನೋಡಿ: ಸ ನು ಧು ಪ ಮ ಗು ರು ಸ. ‘ಮಗು’ವಿನ ಕೊನೆಯ ಅಕ್ಷರವೇ ‘ಗುರು’ವಿನ ಮೊದಲ ಅಕ್ಷರ. ಮಗು ಎಲ್ಲಿ ಮುಗಿಯುತ್ತದೆ, ಗುರು ಎಲ್ಲಿ ಆರಂಭವಾಗುತ್ತಾರೆ ಎಂದು ಗೆರೆ ಎಳೆಯಲಾಗುವುದಿಲ್ಲ. ಗೃಹಪಾಠ ಅವರ ತರಗತಿಗೆ ಇದು ನನ್ನ ಕಾಣಿಕೆ.

ಹಳೆಯ ವಕೀಲ:

ಚಲನಾಟದ ‘ಗುರು’ವನ್ನು ನೋಡಿ ಮತ್ತೆ ಬಂದೆ. ಗು ಮತ್ತು ರು ಸೇರಿದ ಜೋಡಿಯೂ ವಿವಾದಿ ಎಂಬುದನ್ನು ನೆನಪಿಸಬೇಕಾಗಿದೆ, ಏಕೆಂದರೆ ಅದರಲ್ಲಿ ಷಟ್‌ಶ್ರುತಿ ರಿಷಭವಿದೆ. ‘ಗುರುವಿನಲ್ಲಿ ವಿವಾದವೆ?’ ಎಂದು ಮೊದಲಿಗೆ ನನಗೆ ಮುಜುಗರವಾಯಿತು. ಆರೋಹಿ ಅವರ ಅಳತೆಯಂತೆ ಲೋಕದ ಕಡೆಯೂ ಅದು ನಿಜವಾಗಬೇಕಲ್ಲ ಎಂದು ಋತು ಚಕ್ರದ ಆರು ಮೇಳಗಳನ್ನೂ ಒಂದೊಂದಾಗಿ ಬರೆದು ನೋಡಿದೆ. ಮೂರನೆಯದರಲ್ಲಿ, ಅಂದರೆ 33ರಲ್ಲಿ, ಕೈ ನಿಂತಿತು. ಆರೋಹಣ: ಸ ರು ಗು ಮ ಪ ಧ ನು ಸ. ಅವರೋಹಣ: ಸ ನು ಧ ಪ ಮ ಗು ರು ಸ. ಏರುವಾಗ ‘ಧನು’ ಇದೆ, ಇಳಿಯುವಾಗ ‘ಗುರು’ ಇದ್ದಾರೆ, ಆ ಗುರುವಿನಲ್ಲಿಯೇ ವಿವಾದವಿದೆ. ಮೇಳದ ಹೆಸರು, ಕಟಪಯ ಅವರನ್ನು ಅನುಸ್ವಾರದ ದೆಸೆಯಿಂದ ಕಾಡುತ್ತಿರುವ ಅದೇ ಗಾಂಗೇಯಭೂಷಣಿ.

ಗಾಂಗೇಯನೆಂದರೆ ಭೀಷ್ಮ. ಅಂಬೆಯ ಕಾರಣದಿಂದ ಬಿಲ್ಲು ಹಿಡಿದು ತನ್ನ ಗುರು ಪರಶುರಾಮನ ಎದುರಿಗೇ ನಿಂತವನು.

ಕಟಪಯ:

ವಕೀಲರೇ, ಅನುಸ್ವಾರದ ಮೇಲಿನ ನನ್ನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಅದನ್ನು ಐದೆಂದು ಎಣಿಸಿದ್ದರೆ ಗಾಂಗೇಯ 53ಕ್ಕೆ ಹೋಗುತ್ತಿದ್ದ, ಅಲ್ಲಿ ಈ ಗುರುವೂ ಸಿಗುತ್ತಿರಲಿಲ್ಲ.